ಸಹಾಯಾರ್ಥ ಹರಾಜಿಗೆ ಕತ್ತಿ ಕೊಡುವವರು ಗಮನಿಸಲಿ

ಮಾನ್ಯ ಸಂಪಾದಕರೇ,

ಆಪರೇಷನ್ ಖರ್ಚಿಗೆ, ಮಳೆಯಲ್ಲಿ ಮನೆ ಕಳೆದುಕೊಂಡವರಿಗೆ, ಊರಿನ ಶಾಲೆಯ ಮಾಡು ರಿಪೇರಿಗೆ ಹಣ ಕೂಡಿಸುವಾಗ ಕೈಯಾರೆ ಮಾಡಿದ ಕತ್ತಿ, ಚಾಕುಗಳನ್ನು ಹರಾಜಿಗೆ ಕೊಡುವುದು ಒಳ್ಳೆಯ ದಾರಿ. ಅಮೆರಿಕದ ಚಾಕು ತಯಾರಕರಲ್ಲಿ ಇದು ರೂಢಿಯೇ ಆಗಿದೆ. ಕೈಲ್ ಪೊಳ್ದ್ ಹಬ್ಬದ ದಿನ ಆಯುಧಕ್ಕೆ ತೋಕ್ ಪೂ ಎಂಬ ಹೂವು ಮುಡಿಸಿ ಪೂಜಿಸುವ ಕೊಡಗಿನಲ್ಲಂತೂ ಇದಕ್ಕೆ ಗಿರಾಕಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. 2018ರ ಆಗಸ್ಟ್‌ನ ಭೂಕುಸಿತದ ನಂತರ ನೆರವಿನ ಅಗತ್ಯವೇನೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಯೂ ಇಲ್ಲ. ಕೊಡುವ ಮನಸ್ಸಿಗೆ ಕೊರತೆಯಿಲ್ಲ, ಕೊಡುವ ಕತ್ತಿಯ ಬಗ್ಗೆ ಮಾತ್ರ ಅಸಡ್ಡೆ ಇದೆ. ಅದಕ್ಕಾಗಿ ಈ ಪತ್ರ.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅನ್ನುವ ಮಾತು ಇಲ್ಲಿ ಸಲ್ಲದು. ಹರಾಜು ಕೂಗಿದವರು ಪೇಟೆ ಬೆಲೆಗಿಂತ ಎಷ್ಟೋ ಹೆಚ್ಚು ಕೊಟ್ಟಿರುತ್ತಾರೆ. ಕತ್ತಿಯ ಬಾಯಿ (ಹರಿತದ ಅಂಚು) ಮಡಚಿಕೊಂಡರೂ ಹಿಡಿ ಅಲ್ಲಾಡಿದರೂ ‘ಹೋಗಲಿ, ಒಳ್ಳೆ ಕೆಲಸಕ್ಕೆ ಕೊಟ್ಟದ್ದಲ್ವಾ’ ಎಂದು ಸುಮ್ಮನಾಗುತ್ತಾರೆ. ದೂರು ಬಾರದಿದ್ದರೆ ಮಾಡಿದವನಿಗೆ ತಪ್ಪು ಗೊತ್ತಾಗುವುದೂ ಇಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಕತ್ತಿಗಿಂತ ದಾನಕ್ಕೆ ಹೋಗುವ ಕತ್ತಿಯ ಹಲ್ಲನ್ನೇ ಮೊದಲು ಎಣಿಸಬೇಕು.

ಮೊದಲನೆಯ ಪ್ರಶ್ನೆ, ಯಾವ ಕತ್ತಿ? ಕೊಡವರ ಅಗಲ ಅಲಗಿನ ಒಡಿಕತ್ತಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಇಟ್ಟರೆ ಕೂಗು ಜೋರಾಗುತ್ತದೆ ನಿಜ. ಆದರೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಅದು ಆಯುಧ. ಅಡುಗೆ, ಬೇಸಾಯದಂಥ ಕೆಲಸಕ್ಕೆಂದೇ ಮಾಡಿದ್ದು ಮಾತ್ರ ಅದರಿಂದ ಹೊರಗೆ. ಒಡಿಕತ್ತಿಯ ಅಗಲ ಈ ಅಳತೆಯನ್ನು ಸುಲಭವಾಗಿ ದಾಟುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಅವರದ್ದೇ ಹೊರತು ಕತ್ತಿಯ ಜೊತೆ ಮೈಸೂರು, ಬೆಂಗಳೂರಿನ ಗಿರಾಕಿಯ ಮನೆಗೆ ಹೋಗುವಂಥದ್ದಲ್ಲ. ಒಡಿಕತ್ತಿಯನ್ನೇ ಕೊಡಬೇಕೆಂದಿದ್ದರೆ ಕೊಳ್ಳುವವರು ಯಾರೆಂದು ಗೊತ್ತಿರಲಿ. ಅದು ಗೋಡೆಗೆ ತೂಗುಹಾಕಲು ಹೋಗುತ್ತದೆಂದೂ ತಿಳಿಯಬೇಡಿ. ಕೊಡವರ ಮದುವೆಯಲ್ಲಿ ಬಾಳೆ ದಿಂಡು ಕಡಿಯಲು ಅದನ್ನೇ ಎತ್ತಿಕೊಳ್ಳುತ್ತಾರೆ. ಅಲಂಕಾರಕ್ಕೆಂದು ಹದವಿಲ್ಲದ ತಗಡಿನಿಂದ ಮಾಡಿದ ಕತ್ತಿ ಅಲ್ಲಿ ಎಲ್ಲರ ಕಣ್ಣೆದುರೇ ಬಗ್ಗುತ್ತದೆ.

ನಮ್ಮ ಮಟ್ಟಿಗೆ ಹರಾಜಿಗೆ ಎಲ್ಲಕ್ಕಿಂತ ಒಳ್ಳೆಯದು ಅಡುಗೆಮನೆಯ ಮಾಂಸದ ಚಾಕು. ಅಲಗು 7 ಇಂಚು, ಅಗಲ 45 ಮಿ.ಮೀ., ಬೆನ್ನಿನಲ್ಲಿ ದಪ್ಪ 3 ಮಿ.ಮೀ. ಯಾವ ಕಾನೂನಿನ ತಂಟೆಯೂ ಇಲ್ಲ, ದಿನವೂ ಕೈಗೆ ಬರುತ್ತದೆ.

ಉಕ್ಕಿನ ವಿಷಯಕ್ಕೆ ಬಂದರೆ, ಹಳೆ ಲಾರಿ, ಜೀಪಿನ ಸ್ಪ್ರಿಂಗ್ ಪಟ್ಟಿಯ ಮೇಲಿನ ಮೋಹ ಬಿಡುವುದು ಒಳ್ಳೆಯದು. ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಸ್ವಂತ ಬಳಕೆಗೆ ಅಡ್ಡಿಯಿಲ್ಲ. ಆದರೆ ಘಟ್ಟದ ರಸ್ತೆಯಲ್ಲಿ ವರ್ಷಗಟ್ಟಲೆ ಕುಲುಕಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕುಗಳು ಇರಬಹುದು. ಕುಲುಮೆಯಲ್ಲಿ ಕಾಣದ ಬಿರುಕು ಎಣ್ಣೆಗೆ ಅದ್ದಿದಾಗ ಬಾಯಿ ಬಿಡುತ್ತದೆ, ಇಲ್ಲವೇ ಕೊಂಡವರ ಮನೆಯಲ್ಲಿ. ಜೊತೆಗೆ ಸ್ಪ್ರಿಂಗ್ ಪಟ್ಟಿಗಳೆಲ್ಲ ಒಂದೇ ಉಕ್ಕಲ್ಲ. ಸಿಲಿಕಾನ್ ಹೆಚ್ಚಿರುವ ಪಟ್ಟಿಗೆ ಕ್ರೋಮಿಯಂ ಪಟ್ಟಿಗಿಂತ ಜಾಸ್ತಿ ಕಾವು ಬೇಕು. ಯಾವುದೆಂದು ಗೊತ್ತಿಲ್ಲದೆ ಹದ ಹಾಕುವುದು, ಅಂದರೆ ಕಾಯಿಸಿ ಅದ್ದಿ ಗಡಸು ಮಾಡುವುದು, ಕುರುಡು ಕೆಲಸ. ಹೊಸ ಪಟ್ಟಿಯನ್ನೇ ತನ್ನಿ, 5160 ಎಂಬ ಕ್ರೋಮಿಯಂ ಉಕ್ಕು ಅಥವಾ ಅದಕ್ಕೆ ಹತ್ತಿರದ ಎಸ್‌ಯುಪಿ 9 ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. 4 ಮಿ.ಮೀ. ದಪ್ಪ, 50 ಮಿ.ಮೀ. ಅಗಲ, 3 ಮೀಟರ್ ಉದ್ದದ ಒಂದು ಪಟ್ಟಿ ಸುಮಾರು 4.7 ಕಿಲೋ ತೂಗುತ್ತದೆ. ಹಿಡಿಯೊಳಗೆ ಪೂರ್ತಿ ಹೋಗುವ ಬಾಲವೂ ಸೇರಿ ಒಂದೊಂದಕ್ಕೆ 295 ಮಿ.ಮೀ. ಲೆಕ್ಕ ಹಿಡಿದರೆ 10 ಚಾಕು. ಒಂಬತ್ತು ಕೊಡಲಿಕ್ಕೆ, ಒಂದು ಪರೀಕ್ಷೆಗೆ ಮುರಿಯಲಿಕ್ಕೆ.

ಆಕಾರ ಕತ್ತರಿಸಿದ ಮೇಲೆ ಹಿಡಿಯ ತೂತುಗಳನ್ನು ಆಗಲೇ ಕೊರೆದುಬಿಡಬೇಕು, ಹದ ಹಾಕಿದ ಮೇಲೆ ಡ್ರಿಲ್ ಕಚ್ಚುವುದಿಲ್ಲ. 5 ಮಿ.ಮೀ. ಹಿತ್ತಾಳೆ ಮೊಳೆಗೆ 5.2 ಮಿ.ಮೀ. ತೂತು ಸಾಕು. ಬಾಯಿಯನ್ನು ಈ ಹಂತದಲ್ಲಿ 1.2ರಿಂದ 1.5 ಮಿ.ಮೀ.ಗಿಂತ ತೆಳುಮಾಡಬಾರದು. ತೆಳುವಾದರೆ ಎಣ್ಣೆಯಲ್ಲಿ ಅಲೆಯಲೆಯಾಗಿ ಸೊಟ್ಟಗಾಗುತ್ತದೆ.

ಕುಲುಮೆಯಲ್ಲಿ ಬಡಿದು ಮಾಡಿದ ಅಲಗಾದರೆ ಅದನ್ನು ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಿಸಬೇಕು. ಮೊದಲ ಸಲ ಸುಮಾರು 870 ಡಿಗ್ರಿ ಸೆಲ್ಸಿಯಸ್, ಮುಂದಿನ ಎರಡು ಸಲ ಸ್ವಲ್ಪ ಸ್ವಲ್ಪ ಕಡಿಮೆ. ಪ್ರತಿ ಸಲವೂ ಕೆಂಪು ಪೂರ್ತಿ ಇಳಿದು ಕಪ್ಪಾಗಲಿ. ಒದ್ದೆ ನೆಲದ ಮೇಲಾಗಲಿ ಗಾಳಿ ಬೀಸುವ ಬಾಗಿಲಲ್ಲಾಗಲಿ ಇಡಬಾರದು. ಈ ಕೆಲಸ ಬೇಸರದ್ದು, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಬಡಿಯುವಾಗ ದಪ್ಪಗಾದ ಉಕ್ಕಿನ ಕಣ ಮತ್ತೆ ಸಣ್ಣದಾಗುವುದು ಇದರಿಂದಲೇ.

ಹದದ ಕಾವು 830 ಡಿಗ್ರಿ ಸುತ್ತಮುತ್ತ. ಅಯಸ್ಕಾಂತ ಉಕ್ಕನ್ನು ಬಿಡುವುದು 770ಕ್ಕೆ. ಅಲ್ಲಿಗೇ ನಿಲ್ಲಿಸಿದರೆ ಹದ ಅರೆಬರೆ, ಅಲ್ಲಿಂದ ಬಣ್ಣ ಇನ್ನೊಂದು ಛಾಯೆ ಏರಬೇಕು. ಬಿಸಿಲಲ್ಲಿ ಬಣ್ಣ ಮಂಕಾಗಿ ಕಾಣುವುದರಿಂದ ಕೈ ತಡೆಯದೆ ಇನ್ನಷ್ಟು ಕಾಯಿಸುತ್ತಾರೆ. ಹೀಗಾಗಿ ಹದದ ಕೆಲಸ ನೆರಳಲ್ಲಿ ಅಥವಾ ಹೊತ್ತು ಮುಳುಗಿದ ಮೇಲೆ ಮಾಡಬೇಕು. ಅದ್ದುವುದು ಎಣ್ಣೆಗೆ, ನೀರಿಗಲ್ಲ. ಹಳೆಯ ಸಾದಾ ಉಕ್ಕಿಗೆ ನೀರು ಹಿಡಿಸುತ್ತಿದ್ದರು, ಸರಿಯೇ. ಕ್ರೋಮಿಯಂ ಸೇರಿದ ಪಟ್ಟಿಯನ್ನು ನೀರಿಗೆ ಹಾಕಿದರೆ ‘ಟಣ್’ ಎಂದು ಸದ್ದು ಕೇಳುತ್ತದೆ, ಅಷ್ಟಕ್ಕೇ ಕತ್ತಿ ಮುಗಿಯಿತು. ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ ಕನಿಷ್ಠ 5 ಲೀಟರ್, 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ, ಎತ್ತರದ ಕಬ್ಬಿಣದ ಡಬ್ಬದಲ್ಲಿ. ತಣ್ಣನೆಯ ಎಣ್ಣೆ ಮಂದವಾಗಿ ಅಲಗಿನ ಸುತ್ತ ಸರಿಯಾಗಿ ಹರಿಯುವುದಿಲ್ಲ. ಮಡಿಕೇರಿಯ ಜುಲೈ ಚಳಿಯಲ್ಲಿ ಇದನ್ನು ಮರೆಯುವಂತಿಲ್ಲ. ಇಂಜಿನ್‌ನಿಂದ ಇಳಿಸಿದ ಹಳೆ ಆಯಿಲ್ ಬೇಡವೇ ಬೇಡ, ಅದರ ಹೊಗೆ ವಿಷ. ತುದಿ ಕೆಳಗೆ ಮಾಡಿ ನೇರವಾಗಿ ಇಳಿಸಿ, ಬೆನ್ನು-ಬಾಯಿಯ ದಿಕ್ಕಿನಲ್ಲಿ ಮಾತ್ರ ಆಡಿಸಬೇಕು. ಅಡ್ಡಡ್ಡ ಆಡಿಸಿದರೆ ಅಲಗು ಬಾಗುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲು ತಗಡಿನ ಮುಚ್ಚಳ ಕೈಗೆಟಕುವಲ್ಲಿರಲಿ, ನೀರು ಸುರಿಯಬಾರದು.

ಹೊಸ ಅರ ಬಾಯಿಯ ಮೇಲೆ ಕಚ್ಚದೆ ಜಾರಿದರೆ ಗಡಸು ಬಂದಿದೆ. ಆಗಲೇ ಆ ಹತ್ತನೆಯ ಚಾಕನ್ನು ವೈಸ್‌ಗೆ ಸಿಕ್ಕಿಸಿ, ಕಣ್ಣಿಗೆ ಕನ್ನಡಕ ಹಾಕಿ, ಬಟ್ಟೆ ಸುತ್ತಿ ಮುರಿಯಿರಿ. ಮುರಿದ ಜಾಗ ಬೂದು ಬಣ್ಣದಲ್ಲಿ ನುಣ್ಣಗಿದ್ದರೆ ಸರಿ. ಸಕ್ಕರೆ ಹರಳಿನಂತೆ ಮಿನುಗಿದರೆ ಕಾವು ಮೀರಿದೆ, ಉಳಿದ ಒಂಬತ್ತನ್ನೂ ಮೊದಲಿನಿಂದ ಮಾಡಬೇಕು.

ಗಡಸಾದ ಅಲಗನ್ನು ರಾತ್ರಿಯಿಡೀ ಹಾಗೇ ಬಿಡದೆ ಒಂದು ಗಂಟೆಯೊಳಗೆ ಹದ ಇಳಿಸಬೇಕು, ಅಂದರೆ ಮತ್ತೆ ಹಗುರವಾಗಿ ಕಾಯಿಸಿ ಗಡಸು ಸ್ವಲ್ಪ ತಗ್ಗಿಸಬೇಕು. 200 ಡಿಗ್ರಿಯಲ್ಲಿ 2 ಗಂಟೆ, ಆರಿಸಿ, ಮತ್ತೆ 2 ಗಂಟೆ. ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 58ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೇಕ್ ಸುಡುವ ಓವನ್ ಸಾಕು. ಆದರೆ ಅದರ ಗುಂಡಿಯ ಮೇಲಿನ ಅಂಕಿ ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ತಟ್ಟೆಯಲ್ಲಿ ಒಣ ಮರಳು ಹಾಕಿ ಅದರ ಮೇಲೆ ಅಲಗು ಮಲಗಿಸಿದರೆ ಕಾಯಿಲ್‌ನ ನೇರ ಕಾವು ತೆಳುವಾದ ಬಾಯಿಗೆ ತಾಗುವುದಿಲ್ಲ. ಮರ ಕಪಾತಿನ (ಕೊಂಬೆ ಸವರುವ) ಕತ್ತಿಗಾದರೆ ಇನ್ನೂ ಮೆದು ಹದ ಬೇಕು, ಅದರ ಕೆಲಸವೇ ಬೇರೆ.

ಆಮೇಲೆ ಸಾಣೆಯಲ್ಲಿ ಬಾಯಿ ತೆಳುಮಾಡುವಾಗ ಬರಿಗೈಯಲ್ಲೇ ಹಿಡಿಯಿರಿ. ಬೆರಳಿಗೆ ಸುಡುವಷ್ಟಾದರೆ ಬಕೆಟ್ ನೀರಿಗೆ ಅದ್ದಬೇಕು. ಬಾಯಲ್ಲಿ ನೀಲಿ ಬಣ್ಣ ಕಂಡಿತೆಂದರೆ ಅಷ್ಟು ಜಾಗದ ಹದ ಹೋಯಿತು, ಉಜ್ಜಿ ಬಣ್ಣ ತೆಗೆದರೂ ಹದ ವಾಪಸ್ ಬರುವುದಿಲ್ಲ. ಹರಾಜಿನಲ್ಲಿ ಕಾಣುವ ಕತ್ತಿಗಳಲ್ಲಿ ಹೆಚ್ಚಿನ ಕಪಟ ಇರುವುದು ಇಲ್ಲೇ: ಮೇಲೆ ಕನ್ನಡಿಯ ಹೊಳಪು, ಬಾಯಿ ಸೀಸದಷ್ಟು ಮೆದು. ಮುಗಿದ ಚಾಕಿನ ಬಾಯಿಯನ್ನು 6 ಮಿ.ಮೀ. ಹಿತ್ತಾಳೆ ಸರಳಿನ ಮೇಲೆ ಸ್ವಲ್ಪ ಓರೆಯಾಗಿ ಒತ್ತಿ ಎಳೆದರೆ ಗುಟ್ಟು ಬಯಲಾಗುತ್ತದೆ. ಬಾಯಿ ಚೂರು ಬಾಗಿ ತಾನೇ ನೆಟ್ಟಗಾಗಬೇಕು. ಬಾಗಿದಲ್ಲೇ ಉಳಿದರೆ ಮೆದು, ಚಕ್ಕೆ ಎದ್ದರೆ ಗಡಸು ಜಾಸ್ತಿ. ಕತ್ತಿ ತಯಾರಕರ ಸಂಘವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯಲ್ಲಿ ಒಂದೇ ಅಲಗಿನಿಂದ ತೂಗುಬಿಟ್ಟ ಹಗ್ಗ ಕಡಿದು, ಮರದ ತೊಲೆ ತುಂಡರಿಸಿ, ಆಮೇಲೂ ಕೂದಲು ಹೆರೆದು, ಕೊನೆಗೆ ಅದನ್ನು 90 ಡಿಗ್ರಿ ಬಗ್ಗಿಸಿ ತೋರಿಸಬೇಕು. ಅದು ಅದಕ್ಕೆಂದೇ ಬೆನ್ನು ಮೆದುವಾಗಿ ಬಿಟ್ಟ ಅಲಗಿಗೆ ಸರಿ. ಪೂರ್ತಿ ಗಡಸಾದ ಅಡುಗೆ ಚಾಕನ್ನು ಹಾಗೆ ಬಗ್ಗಿಸಿ ವಿಡಿಯೊ ಮಾಡಲು ಹೋಗಬೇಡಿ, ಮುರಿದು ಮುಖಕ್ಕೆ ಹಾರುತ್ತದೆ.

ಹಿಡಿಗೆ ಬೀಟೆಯೇ ಬೇಕು, ಕಡವೆ ಕೊಂಬೇ ಬೇಕು ಎಂದು ಕೇಳುವವರು ಇದ್ದೇ ಇರುತ್ತಾರೆ. ಕೊಂಬು, ದಂತ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟವು. ಕೊಂಬು ತೋಟದಲ್ಲಿ ತಾನಾಗಿ ಉದುರಿ ಬಿದ್ದದ್ದಾದರೂ ಮಾರುವ ಹಾಗಿಲ್ಲ. ಬೀಟೆಗೆ ಅರಣ್ಯ ಇಲಾಖೆಯ ಕಾಗದ ಬೇಕು. ಪುಣ್ಯದ ಕೆಲಸಕ್ಕೆ ಹೋಗಿ ಕೇಸು ಹಾಕಿಸಿಕೊಳ್ಳುವುದೇಕೆ? ತೋಟದಲ್ಲಿ ಕಿತ್ತು ಸೌದೆಗೆ ಹಾಕುವ ಹಳೆಯ ರೊಬಸ್ಟಾ ಕಾಫಿ ಗಿಡದ ಬುಡ ಗಟ್ಟಿ, ನಯವಾಗಿ ಹೊಳಪು ಬರುತ್ತದೆ, ಕೊಡಗಿನದ್ದೆಂದು ಹೇಳಿಕೊಳ್ಳಲೂ ಚೆನ್ನ. ಅದರ ದೋಷ ಬಿರುಕು. ನಡುವಿನ ತಿರುಳು ಬಿಟ್ಟು 12 ಮಿ.ಮೀ. ಹಲಗೆಗಳಾಗಿ ಸೀಳಿ, ಎರಡೂ ತುದಿಗೆ ಮೇಣ ಬಳಿದು, ಅಟ್ಟದಲ್ಲಿ ಕೆಲವು ತಿಂಗಳು ಒಣಗಿಸಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಮೂರು ವಾರ ತೂಕ ಒಂದೇ ಬಂದರೆ ಒಣಗಿತೆಂದು ಲೆಕ್ಕ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಮರವೂ ಗಾಳಿಯ ತೇವ ಕುಡಿಯುತ್ತದೆ. ಜುಲೈಯಲ್ಲಿ ಕೂರಿಸಿದ ಹಿಡಿ ಫೆಬ್ರವರಿಯಲ್ಲಿ ಕುಗ್ಗಿ ಉಕ್ಕಿನ ಅಂಚು ಕೈಗೆ ಚುಚ್ಚುತ್ತದೆ. ಹಿಡಿಯ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮಳೆಯಲ್ಲೇ ಮಾಡಬೇಕಾಗಿ ಬಂದರೆ ಬಲ್ಬ್ ಉರಿಸಿದ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟು ಕೂರಿಸಬೇಕು.

ಅಂಟಿಗೆ ಐದು ನಿಮಿಷದಲ್ಲಿ ಹಿಡಿಯುವ ಅರಾಲ್ಡೈಟ್ ಬೇಡ, ನಿಧಾನದ್ದೇ ಇರಲಿ. ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲೇ ಕಲಸಿ. ಉಕ್ಕು, ಮರ ಎರಡನ್ನೂ 60 ನಂಬರ್ ಉಜ್ಜುಕಾಗದದಲ್ಲಿ ಒರಟು ಮಾಡಿ, ಉಕ್ಕಿಗೆ ಅಸಿಟೋನ್ ಒರೆಸಿ, ಮತ್ತೆ ಬೆರಳು ಮುಟ್ಟಿಸದೆ ಅಂಟಿಸಿ. ಕ್ಲಾಂಪ್ ಬಿಗಿಯಾದಷ್ಟೂ ಒಳ್ಳೆಯದೆಂಬುದು ತಪ್ಪು, ಅಂಟೆಲ್ಲ ಹೊರಗೆ ಹಿಂಡಿಹೋಗಿ ಒಳಗೆ ಬರಡಾಗುತ್ತದೆ. 24 ಗಂಟೆ ಮುಟ್ಟಬೇಡಿ. ಕಾಫಿ ಮರದಲ್ಲಿ ಮೊಳೆಯ ತಲೆ ಬಡಿದು ಅರಳಿಸುವುದೂ ಬೇಡ, ಸೀಳುತ್ತದೆ.

ಒರೆ ಚರ್ಮದ್ದಾದರೆ ಮಳೆಗಾಲದಲ್ಲಿ ಚಾಕನ್ನು ಅದರೊಳಗೆ ಇಟ್ಟು ಮರೆಯಬಾರದೆಂದು ಕೊಂಡವರಿಗೆ ಹೇಳಲೇಬೇಕು. ಚರ್ಮ ತೇವ ಹಿಡಿದಿಡುತ್ತದೆ, ಒಂದೇ ವಾರದಲ್ಲಿ ತುಕ್ಕು. ಪ್ರತಿ ಚಾಕಿನ ಜೊತೆ ಕನ್ನಡದಲ್ಲಿ ಒಂದು ಚೀಟಿ ಇರಲಿ: ಉಕ್ಕು ಯಾವುದು, ತೊಳೆದ ಕೂಡಲೇ ಒರೆಸಬೇಕು, ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಸವರಿದರೆ ಸಾಕು, ಬಾಳೆಯ ಸೊನೆ, ಹುಳಿ ತಾಗಿದರೆ ಕಪ್ಪಾಗುತ್ತದೆ, ಇದರಲ್ಲಿ ಮೂಳೆ ಕಡಿಯಬಾರದು.

ಇನ್ನು ಹರಾಜು. ಟಿಕೆಟ್ ಮಾರಿ ಚೀಟಿ ಎತ್ತುವುದು ಎಷ್ಟೇ ಒಳ್ಳೆಯ ಉದ್ದೇಶಕ್ಕಾದರೂ ಲಾಟರಿಯೇ, ಕರ್ನಾಟಕದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಅಮೆರಿಕದವರು ಹೀಗೆ ಚೀಟಿ ಎತ್ತುವುದುಂಟು, ಅದೊಂದನ್ನು ನಕಲು ಮಾಡಬೇಡಿ, ಬಹಿರಂಗವಾಗಿ ಕೂಗಿಯೇ ಮಾರಿ. ಮುಗಿದ ಚಾಕು ಮೇಜಿನ ಮೇಲೆ ಇದ್ದರೆ ಮಾತ್ರ ಹರಾಜು ಘೋಷಿಸಿ. ‘ಮಾಡಿಕೊಡುತ್ತೇನೆ’ ಎಂಬ ಮಾತಿಗೆ ಹಣ ಕಟ್ಟಿಸಿಕೊಂಡಲ್ಲೇ ಮನಸ್ತಾಪ ಶುರುವಾಗುವುದು. ಹಣ ಸಂಘಟಕರೊಬ್ಬರ ಸ್ವಂತ ಖಾತೆಗೆ ಬೇಡ, ಆಸ್ಪತ್ರೆಯ ಬಿಲ್ಲಿಗೋ ನೆರವು ಪಡೆಯುವವರ ಖಾತೆಗೋ ನೇರ ಹೋಗಲಿ, ರಸೀದಿ ತೋರಿಸಿದ ಮೇಲೆ ಚಾಕು ಕೊಡಿ. ವಸ್ತು ರೂಪದ ದಾನಕ್ಕೆ ಆದಾಯ ತೆರಿಗೆಯಲ್ಲಿ ದಾನದ ರಿಯಾಯಿತಿ ಇಲ್ಲ ಎಂಬುದನ್ನು ಚಾಕು ಕೊಡುವವರಿಗೆ ಮೊದಲೇ ತಿಳಿಸಿದರೆ ಆಮೇಲಿನ ಮುನಿಸು ತಪ್ಪುತ್ತದೆ.

ದೂರದವರಿಗೆ ಪಾರ್ಸೆಲ್ ಮಾಡುವಾಗ ತುದಿಗೆ ಬಿರಡೆ ಚುಚ್ಚಿ, ಬಾಯಿಗೆ ದಪ್ಪ ರಟ್ಟು ಮಡಚಿ ಟೇಪ್ ಸುತ್ತಿ, ಮರದ ಪಟ್ಟಿಗೆ ಕಟ್ಟಿ ಪೆಟ್ಟಿಗೆಗೆ ಹಾಕಿ. ಬರೀ ಬಬಲ್ ಪ್ಲಾಸ್ಟಿಕ್ಕನ್ನು ಚಾಕಿನ ತುದಿ ದಾರಿಯಲ್ಲೇ ತೂರಿಕೊಂಡು ಬರುತ್ತದೆ. ಕಣ್ಣೂರಿಂದಲೋ ಮಂಗಳೂರಿಂದಲೋ ವಿಮಾನ ಹತ್ತುವವರು ಕೈಚೀಲದಲ್ಲಿ ಇಟ್ಟುಕೊಳ್ಳದಂತೆ ಹೇಳಿ ಕಳಿಸಿ.

ತಮ್ಮಲ್ಲಿ ಒಂದು ವಿನಂತಿ: ಇಂಥ ಹರಾಜಿನ ಸುದ್ದಿ ಪ್ರಕಟಿಸುವಾಗ ಎಷ್ಟಕ್ಕೆ ಹೋಯಿತು ಎಂಬುದರ ಜೊತೆ ಉಕ್ಕು ಯಾವುದು, ಹಿಡಿ ಯಾವ ಮರದ್ದು, ಹಣ ಯಾವ ಖಾತೆಗೆ ಸೇರಿತು ಎಂದೂ ವರದಿಗಾರರು ಕೇಳಿ ಬರೆಯಲಿ.

– ಕತ್ತಿ ತಯಾರಿಯಲ್ಲಿ ತೊಡಗಿರುವ ಕೆಲವರು, ಮಡಿಕೇರಿ