ಕ್ಲಬ್ಬಿನ ಟೇಬಲ್ ಶಾಲೆ ಮಕ್ಕಳಿಗೂ ಸಿಗಲಿ

ಮಾನ್ಯರೇ,

ಸ್ನೂಕರ್ ಅಂದರೆ ದೊಡ್ಡ ಟೇಬಲ್ ಮೇಲೆ ಕೋಲಿನಿಂದ ಬಾಲ್ ಹೊಡೆದು ಅಂಚಿನ ಗುಂಡಿಗೆ ಬೀಳಿಸುವ ಆಟ. ಅದರ ವಿಶ್ವ ಹವ್ಯಾಸಿ ಚಾಂಪಿಯನ್‌ಷಿಪ್ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಚಿಕ್ಕಮಗಳೂರಿನಲ್ಲಿ ಕೇಳುವ ಮಾತು ಒಂದೇ: ‘ಅದು ಎಸ್ಟೇಟ್ ಸಾವ್ಕಾರ್ರ ಆಟ ಬಿಡಿ.’ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆಟ ಶುರುವಾಗಿದ್ದೇ 1875ರಲ್ಲಿ, ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ. ಅದಕ್ಕೊಂದು ನಿಯಮ ಅಂತ ಆಗಿದ್ದು ಊಟಿ ಕ್ಲಬ್ಬಿನಲ್ಲಿ.

ಆದರೆ ಗೆದ್ದವರ ವಯಸ್ಸು ನೋಡಿ. 1984ರಲ್ಲಿ ಓಂ ಅಗರ್ವಾಲ್ ಗೆದ್ದ ಮೇಲೆ ಭಾರತಕ್ಕೆ ಈ ಪಟ್ಟ ಮತ್ತೆ ಬಂದಿದ್ದು 2003ರಲ್ಲಿ. ತಂದವರು ಬೆಂಗಳೂರಲ್ಲಿ ಬೆಳೆದ ಪಂಕಜ್ ಅಡ್ವಾಣಿ, ಆಗ ಅವರಿಗೆ 18. ಬೆಂಗಳೂರಲ್ಲೇ 2011ರಲ್ಲಿ ಚಾಂಪಿಯನ್‌ಷಿಪ್ ನಡೆದಾಗ ಗೆದ್ದ ಇರಾನಿನ ಹುಸೇನ್ ವಫಾಯಿಗೆ 17. ಮತ್ತೆ 2014ರಲ್ಲಿ ಅಲ್ಲೇ ಫೈನಲ್‌ನಲ್ಲಿ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಅವರನ್ನು 8-7ರಿಂದ ಸೋಲಿಸಿದ ಚೀನಾದ ಯಾನ್ ಬಿಂಗ್ಟಾವೊಗೆ ಬರೀ 14! ನಮ್ಮಲ್ಲಿ ಒಂಬತ್ತನೇ ಕ್ಲಾಸು ಓದುವ ವಯಸ್ಸು.

ನಮ್ಮ ಒಂಬತ್ತನೇ ಕ್ಲಾಸಿನ ಹುಡುಗ, ಹುಡುಗಿ ಆಡೋದೆಲ್ಲಿ? ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಅಡಿಯಲ್ಲಿ ಕಲ್ಲಿನ ಹಾಸು, ಒಟ್ಟು ತೂಕ ಒಂದು ಟನ್ನಿಗಿಂತ ಜಾಸ್ತಿ. ಯಾವ ಸರ್ಕಾರಿ ಶಾಲೆ ತರುತ್ತೆ? ಪೂಲ್ ಅನ್ನೋ ಇಂಥದ್ದೇ ಆಟದ ಪಾರ್ಲರ್‌ಗೆ ಮನೆಯವರು ಕಳಿಸಲ್ಲ, ಅಲ್ಲಿನ ಟೇಬಲ್ಲೂ ಚಿಕ್ಕದು. ಪೂರ್ತಿ ಅಳತೆಯ ಟೇಬಲ್ ಇರುವುದು ಕಾಫಿ ಸೀಮೆಯ ಹಳೇ ಕ್ಲಬ್ಬುಗಳಲ್ಲಿ. ನಾನು ಕಂಡ ಒಂದು ಕ್ಲಬ್ಬಿನಲ್ಲಂತೂ ಅದು ವಾರದ ಮಧ್ಯೆ ಮುಸುಕು ಹೊದ್ದುಕೊಂಡೇ ಇರುತ್ತೆ.

ಕಲಿಸೋಕೂ ಜನ ಅಲ್ಲೇ ಇದ್ದಾರೆ, ಮಾರ್ಕರ್‌ಗಳು. ಬಾಲ್ ಜೋಡಿಸೋದು, ಸ್ಕೋರ್ ಹೇಳೋದು, ಮೆಂಬರ್ ಒಬ್ಬರೇ ಬಂದರೆ ಅವರ ಎದುರು ಆಡೋದು ಇವರ ಕೆಲಸ. ಎಷ್ಟು ಗೆಲ್ಲಬೇಕು, ಯಾವಾಗ ಸೋಲಬೇಕು ಅನ್ನೋದೂ ಗೊತ್ತಿರುತ್ತೆ ಅನ್ನಿ. ಮಲೆನಾಡಿನ ಮಳೆಗಾಲದಲ್ಲಿ ಟೇಬಲ್ ಮೇಲಿನ ಹಸಿರು ಬಟ್ಟೆ ತೇವ ಹೀರಿಕೊಂಡು ಬಾಲ್ ನಿಧಾನವಾಗುತ್ತೆ. ದೊಡ್ಡ ಟೂರ್ನಿಗಳಲ್ಲಿ ಇದಕ್ಕಾಗಿ ಟೇಬಲ್ ಅಡಿಗೆ ಹೀಟರ್ ಹಾಕುತ್ತಾರೆ. ಇಲ್ಲಿ ಮಾರ್ಕರ್ ಬಟ್ಟೆಗೆ ಬ್ರಷ್ ಹೊಡೆದು, ಇಸ್ತ್ರಿ ಮಾಡಿ ಸರಿ ಮಾಡಿಕೊಳ್ಳುತ್ತಾರೆ. ಇಷ್ಟು ತಿಳಿದವರ ಹೆಸರು ಯಾವ ಟೂರ್ನಿಯ ಪಟ್ಟಿಯಲ್ಲೂ ನನಗೆ ಕಂಡಿಲ್ಲ.

ಕ್ಲಬ್ಬಿನವರು ವಾರಕ್ಕೊಂದು ಮಧ್ಯಾಹ್ನ ಟೇಬಲ್ ಬಿಟ್ಟುಕೊಡಲಿ. ಬಾರ್ ಶುರುವಾಗೋ ಮೊದಲೇ, ಐದು ಗಂಟೆಗೆಲ್ಲ ಮಕ್ಕಳು ಹೊರಡಲಿ. ಬಟ್ಟೆ ಹರಿದರೆ ಅನ್ನೋ ಭಯ ಇರುತ್ತೆ, ಸಹಜ. ಮೊದಲ ತಿಂಗಳು ಕ್ಯೂ, ಅಂದರೆ ಆಟದ ಕೋಲು ಹಿಡಿಯೋದು, ನಿಲ್ಲೋದು ಅಷ್ಟೇ ಕಲಿಸಿದರೆ ಆಯ್ತಲ್ವಾ? ಮಾರ್ಕರ್‌ಗೆ ಈ ಕೆಲಸಕ್ಕೆ ಬೇರೆ ಸಂಬಳ ಸಿಗಬೇಕು, ಬಿಟ್ಟಿ ದುಡಿಮೆ ಆಗಬಾರದು. ಅದನ್ನು ಕ್ರೀಡಾ ಇಲಾಖೆ ಕೊಡಲಿ, ಹರಿದ ಬಟ್ಟೆಯ ಖರ್ಚನ್ನೂ ಅವರೇ ನೋಡಿಕೊಳ್ಳಲಿ.

– ಒಬ್ಬ ಓದುಗ, ಚಿಕ್ಕಮಗಳೂರು