ಟಿವಿ ಕಾಮಿಡಿಯಲ್ಲಿ ಸಿದ್ದಿಯರ ಅಣಕ: ದೂರು ಕೊಡುವುದು ಹೀಗೆ

ಎಲ್ಲರಿಗೂ ನಮಸ್ಕಾರ. ಮುಖಕ್ಕೆ ಮಸಿ ಬಳಿದು, ಗುಂಗುರು ವಿಗ್ ಹಾಕಿ ಶತಮಾನಗಳಿಂದ ಇಲ್ಲೇ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿಯರನ್ನು ಅಣಕಿಸುವ ಕಾಮಿಡಿ ಬಗ್ಗೆ ‘ಇಷ್ಟಕ್ಕೆಲ್ಲ ಸಿಟ್ಟು ಯಾಕೆ’ ಎಂದು ಕೇಳುತ್ತಿದ್ದೀರಿ. ಈ ಸಿಟ್ಟು ಅತಿಯಲ್ಲ. ಯಲ್ಲಾಪುರದಲ್ಲೋ ಹಳಿಯಾಳದಲ್ಲೋ ಮರುದಿನ ಶಾಲೆಯಲ್ಲಿ ಪಕ್ಕದ ಬೆಂಚಿನವನು ಸಿದ್ದಿ ಮಗುವಿನ ಕೂದಲು ಎಳೆದು ಅದೇ ಡೈಲಾಗು ಹೊಡೆದರೆ ಆ ಮಗು ಏನು ಮಾಡಬೇಕು? ಆದರೆ ಸಿದ್ದಿ ಕಲಾವಿದನೇ ‘ನೀವು ಯಾವ ದೇಶ?’ ಎನ್ನುವವರನ್ನು ಗೇಲಿ ಮಾಡಿದರೆ ಅದು ಬೇರೆ ಮಾತು. ನಗು ಯಾರ ಮೇಲೆ ಎಂದು ಮೊದಲು ನೋಡಿ.

ತಡ ಮಾಡಬೇಡಿ, ಇಂಥದ್ದು ಒಮ್ಮೆ ಬೇರೂರಿದರೆ ನಿಲ್ಲಿಸುವುದು ಕಷ್ಟ. ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ ಬಿಳಿಯರು ಕಪ್ಪು ಜನರಂತೆ ಕಾಣಲು ಮಸಿ ಬಳಿದುಕೊಂಡು ಹಾಡುವ ಕಾರ್ಯಕ್ರಮ 1958ರಲ್ಲಿ ಶುರುವಾಯಿತು. 1967ರಲ್ಲೇ ನಿಲ್ಲಿಸಿ ಎಂದು ಮನವಿ ಹೋದರೂ 1978ರವರೆಗೆ ಓಡಿತು.

ದೂರನ್ನು ಮೊದಲು ವಾಹಿನಿಗೇ ಬರೆಯಿರಿ. ಕಾರ್ಯಕ್ರಮದ ಹೆಸರು, ದಿನಾಂಕ, ಪ್ರಸಾರದ ಸಮಯ, ಆಡಿದ ಮಾತು ಇದ್ದ ಹಾಗೇ ಇರಲಿ. ‘ಭಾವನೆಗೆ ಧಕ್ಕೆ’ ಎಂದಷ್ಟೇ ಬರೆದರೆ ಮೂಲೆಗೆ ಹೋಗುತ್ತದೆ. 1994ರ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳ 6(1)(ಎಂ) ಉಲ್ಲೇಖಿಸಿ. ಜನಾಂಗ, ಭಾಷೆ, ಪ್ರದೇಶದ ಗುಂಪುಗಳನ್ನು ಹೀಗಳೆಯುವ ಚಿತ್ರಣವನ್ನು ಅದು ತಡೆಯುತ್ತದೆ. 2021ರ ತಿದ್ದುಪಡಿ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ, ಸಮಾಧಾನವಾಗದಿದ್ದರೆ ಮುಂದಿನ 15 ದಿನದೊಳಗೆ ವಾಹಿನಿ ಸೇರಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ (ವಾಹಿನಿಗಳೇ ತಮ್ಮ ಮೇಲೆ ನಿಗಾ ಇಡಲು ಮಾಡಿಕೊಂಡ ಸಂಸ್ಥೆ) ಮೇಲ್ಮನವಿ ಸಲ್ಲಿಸಿ.

ಕಲಾವಿದರ ಮನೆಯವರಿಗೆ ಬೈಯಬೇಡಿ, ಚರ್ಚೆ ಅತ್ತಲೇ ತಿರುಗುತ್ತದೆ. ತುಣುಕನ್ನು ಫಾರ್ವರ್ಡ್ ಮಾಡಬೇಡಿ, ಅದಕ್ಕೆ ವೀಕ್ಷಕರನ್ನು ನಾವೇ ಹುಡುಕಿಕೊಟ್ಟಂತೆ. ದೂರಿನ ಪ್ರತಿಯನ್ನು ಇಲ್ಲಿ ಹಾಕಿ.