ಮೊದಲು ಹುಡುಗರ ಕಾಲು ನೋಡಿ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮೊಮ್ಮಗ ಚನ್ನರಾಯಪಟ್ಟಣದ ಕಡೆಯವನು. ಹತ್ತೊಂಬತ್ತು ವರ್ಷ. ಅಗ್ನಿವೀರ ಆಗಿ ಸೈನ್ಯ ಸೇರಬೇಕು ಅಂತ ಬೆಂಗಳೂರಿಗೆ ಬಂದು, ಕಗ್ಗದಾಸಪುರದ ನಮ್ಮ ಮನೆಯಲ್ಲೇ ಇದ್ದಾನೆ. ಊರಾಚೆ ಇರುವ ಒಂದು ತರಬೇತಿ ಕೇಂದ್ರಕ್ಕೆ ಸೇರಿದ. ಅದರ ಹೆಸರು ಇಲ್ಲಿ ಬೇಡ. ಫೀಸು ಕಟ್ಟಿದ ದಿನವೇ ಹಸಿರು ಟೀ ಶರ್ಟ್ ಕೊಟ್ಟು ಫೋಟೋ ತೆಗೆದರು.

ಮೂರನೇ ವಾರ ಹುಡುಗ ಕುಂಟುತ್ತಾ ಮನೆಗೆ ಬಂದ. ಏನಾಯ್ತೋ ಅಂದೆ. "ಏನಿಲ್ಲ ತಾತ, ಕಾಲು ಸ್ವಲ್ಪ ಉರೀತಿದೆ. ಆರ್ಮಿ ಟ್ರೇನಿಂಗ್ ಅಂದ್ರೆ ಹಂಗೇ ಅಂತೆ" ಅಂದ. ಕಾಲುಚೀಲ ಬಿಚ್ಚಿಸಿದೆ. ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಒಡೆದು ಚರ್ಮ ಕಿತ್ತುಬಂದಿತ್ತು. ಶೂ ಒಂದು ಸೈಜ್ ಚಿಕ್ಕದು. ಅದನ್ನು ಕಂಡುಹಿಡಿಯಲು ನನಗೆ ಎರಡು ನಿಮಿಷ ಸಾಕಾಯಿತು. ಮೂರು ವಾರದಲ್ಲಿ ಅಲ್ಲಿ ತರಬೇತಿ ಕೊಡುವ ಒಬ್ಬ ಉಸ್ತಾದ್‌ಗೂ ಅದು ಕಾಣಲಿಲ್ಲ. ಓಟದಲ್ಲಿ ಹಿಂದೆ ಬಿದ್ದ ಅಂತ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ನಾಲ್ಕು ಸುತ್ತು ಓಡಿಸಿದ್ದರು. ನೀರು ಕೇಳಿದವರಿಗೆ "ಸಿಯಾಚಿನ್‌ನಲ್ಲಿ ನಿಂಗೆ ಯಾರು ನೀರು ಕೊಡ್ತಾರೆ?" ಅಂತ ಬೈಗುಳ.

ಸಿಯಾಚಿನ್‌ನಲ್ಲಿ ನೀರು ಕೊಡ್ತಾರೆ ಸ್ವಾಮಿ. ಸೀಮೆಎಣ್ಣೆ ಸ್ಟೌ ಹಚ್ಚಿ ಹಿಮ ಕರಗಿಸಿ ಕೊಡ್ತಾರೆ. ಕುಡಿದೆಯಾ ಅಂತ ಕೇಳ್ತಾರೆ. ಕುಡಿಯದೇ ಇದ್ದರೆ ಆಗ ಬೈತಾರೆ.

ನಾನು 1980ರಲ್ಲಿ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದವನು. ಜನ ಎಂಇಜಿ ಅನ್ನುತ್ತಾರೆ. ಸೈನ್ಯದಲ್ಲಿ ನಮಗೆ 'ತಂಬಿ'ಗಳು ಅಂತ ಹೆಸರು, ಕನ್ನಡದವರೂ ತಂಬಿಗಳೇ. ಇಪ್ಪತ್ತೆಂಟು ವರ್ಷ ದುಡಿದು 2008ರಲ್ಲಿ ಸುಬೇದಾರ್ ಆಗಿ ಹೊರಬಂದೆ. ಸೇರಿದಾಗ ನನಗೆ ಹಿಂದಿ ಬಾರದು, ತಮಿಳೂ ಬಾರದು. ನಮ್ಮ ಉಸ್ತಾದ್ ಒಬ್ಬ ತಮಿಳು ಹವಿಲ್ದಾರ್. ಬಾಯಿ ಜೋರು. ರಗಡಾನೂ (ಶಿಕ್ಷೆಯ ಕಸರತ್ತು) ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ದಿನಾ ಸಂಜೆ ರೋಲ್ ಕಾಲ್ ಆದಮೇಲೆ ಅವರು ಬ್ಯಾರಕ್‌ಗೆ ಟಾರ್ಚ್ ಹಿಡಿದು ಬರುತ್ತಿದ್ದರು. ನಾವೆಲ್ಲ ಮಂಚದ ಮೇಲೆ ಕೂತು ಬರಿಗಾಲು ಮುಂದೆ ಚಾಚಬೇಕು. ಒಬ್ಬೊಬ್ಬರ ಪಾದವನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಹಳ್ಳಿಯ ಹುಡುಗರು ನಾವು. ಅಷ್ಟು ದೊಡ್ಡವರು ಕಾಲು ಮುಟ್ಟುತ್ತಾರಲ್ಲ ಅಂತ ಸಂಕೋಚ. ನಾನು ಒಂದು ಸಲ ಗುಳ್ಳೆ ಮುಚ್ಚಿಟ್ಟು ಸಿಕ್ಕಿಬಿದ್ದೆ. "ಗುಳ್ಳೆ ಎದ್ದರೆ ಅದು ನನ್ನ ತಪ್ಪು. ಮುಚ್ಚಿಟ್ಟರೆ ನಿನ್ನ ತಪ್ಪು" ಅಂದರು. ಆ ಮಾತಿಗೆ ಅರ್ಥ ಸಿಕ್ಕಿದ್ದು ನಾನೇ ಹುಡುಗರನ್ನು ಕರೆದುಕೊಂಡು ಹೊರಟಾಗ.

ಸ್ಯಾಪರ್‌ಗಳ, ಅಂದರೆ ನಮ್ಮಂಥ ಸೈನ್ಯದ ಎಂಜಿನಿಯರ್ ದಳದವರ ಕೆಲಸ ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲದಲ್ಲಿ ಹುದುಗಿಸುವ ಬಾಂಬು, ಅಂದರೆ ಮೈನ್ ಹೂಳುವುದು, ತೆಗೆಯುವುದು. ಮುಳ್ಳುತಂತಿ ಸಿಡಿಸಿ ದಾರಿ ಮಾಡುವ 'ಬೆಂಗಳೂರ್ ಟಾರ್ಪಿಡೊ' ಅನ್ನುವ ಕೊಳವೆ 1912ರಲ್ಲಿ ನಮ್ಮ ಈ ಊರಲ್ಲೇ, ಮದ್ರಾಸ್ ಸ್ಯಾಪರ್‌ಗಳ ಒಬ್ಬ ಕ್ಯಾಪ್ಟನ್ ಕೈಯಲ್ಲಿ ಹುಟ್ಟಿದ್ದು. ಊರಿನ ಹೆಸರು ಹೊತ್ತು ಎರಡು ಮಹಾಯುದ್ಧ ನೋಡಿ ಬಂತು. ಇಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ. ನಮಗೆ ಕ್ಲಾಸಿನಲ್ಲಿ ಇನ್ನೊಂದು ಸಂಗತಿ ಹೇಳುತ್ತಿದ್ದರು. 1944ರ ಜೂನ್‌ನಲ್ಲಿ ಇಟಲಿಯಲ್ಲಿ ನಮ್ಮ ಗ್ರೂಪಿನ ಸುಬೇದಾರ್ ಸುಬ್ರಮಣಿಯನ್ ತಮ್ಮ ಹುಡುಗರೊಂದಿಗೆ ಮೈನ್ ತೆಗೆಯುತ್ತಿದ್ದರು. ಒಂದು ಮೈನ್ ಇನ್ನೇನು ಸಿಡಿಯಬೇಕು ಅನ್ನುವಾಗ ಅವರು ಅದರ ಮೇಲೆ ಬಿದ್ದು ಉಳಿದವರನ್ನು ಉಳಿಸಿದರು. ತೀರಿಹೋದ ಮೇಲೆ ಬ್ರಿಟಿಷರ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಅವರ ಸಾಹಸಕ್ಕಿಂತ ನನ್ನ ತಲೆಯಲ್ಲಿ ಉಳಿದದ್ದು ಒಂದೇ: ಅವರು ಹುಡುಗರ ಜೊತೆ ಅಲ್ಲೇ ಇದ್ದರು, ದೂರ ನಿಂತು ಕೂಗುತ್ತಿರಲಿಲ್ಲ.

ನಾನು ಕಣ್ಣಾರೆ ಕಂಡದ್ದನ್ನೂ ಹೇಳಬೇಕು. ಸಂಸತ್ತಿನ ಮೇಲೆ ದಾಳಿ ಆದಮೇಲೆ ಗಡಿಯುದ್ದಕ್ಕೂ ಮೈನ್ ಹೂತಿದ್ದೆವು. ಆಮೇಲೆ ಅದನ್ನೆಲ್ಲ ತೆಗೆಯಬೇಕಾಯಿತು. 2003ರ ಬೇಸಿಗೆ, ರಾಜಸ್ಥಾನ. ನಾನಾಗ ನಾಯಬ್ ಸುಬೇದಾರ್. ಹೂಳುವಾಗ ಬರೆದಿಟ್ಟ ಲೆಕ್ಕಕ್ಕೂ ತೆಗೆದ ಲೆಕ್ಕಕ್ಕೂ ತಾಳೆ ಆಗಲೇಬೇಕು. ಒಂದು ಸಾಲಿನಲ್ಲಿ ಒಂದು ಮೈನ್ ಕಡಿಮೆ ಬಂತು. ಮರಳು ನಿಂತ ಕಡೆ ನಿಲ್ಲುವುದಿಲ್ಲ, ಮೈನ್ ಕೂಡ ಅದರ ಜೊತೆ ಸರಿಯುತ್ತದೆ. ಹೊಲದ ರೈತ ದೂರದಲ್ಲಿ ಒಂಟೆ ಹಿಡಿದು ಕೂತಿದ್ದ. ಇವತ್ತೇ ಮುಗಿಸಿ ಅಂತ ಮೇಲಿನಿಂದ ಒತ್ತಡ.

ನಮ್ಮ ಕ್ಯಾಪ್ಟನ್ ಸಾಹೇಬರು ನನಗಿಂತ ಹದಿನೈದು ವರ್ಷ ಚಿಕ್ಕವರು. ಪಕ್ಕಕ್ಕೆ ಕರೆದು "ಸಾಬ್, ನೀವು ಹೇಳಿ. ಮುಂದುವರಿಸೋಣವಾ?" ಅಂತ ಕೇಳಿದರು. ಸೈನ್ಯದಲ್ಲಿ ನಾವು ಅವರಿಗೆ ಸಾಬ್, ಅವರು ನಮಗೂ ಸಾಬ್. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಬೇಡ ಸಾಬ್, ಬಿಸಿಲೇರಿದೆ, ಹುಡುಗರ ಕೈ ಬೆವರುತ್ತಿದೆ ಅಂದೆ. ಅವರು ವೈರ್‌ಲೆಸ್ ಎತ್ತಿ, ಇವತ್ತು ಆಗುವುದಿಲ್ಲ, ನಿರ್ಧಾರ ನನ್ನದು ಅಂದರು. ನನ್ನ ಹೆಸರು ಎತ್ತಲಿಲ್ಲ. ಆ ಕಡೆಯಿಂದ ಏನು ಬೈಸಿಕೊಂಡರೋ, ಮುಖ ಕೆಂಪಾಗಿತ್ತು. ಮಾರನೇ ದಿನ ನಸುಕಿನಲ್ಲಿ ಸುರಕ್ಷಿತ ಜಾಗಕ್ಕೆ ಗುರುತು ಹಾಕಿದ ಬಿಳಿ ಪಟ್ಟಿಯ ಆಚೆಗೆ ಮೊದಲು ಮರಳಿನಲ್ಲಿ ಬೋರಲು ಮಲಗಿದವರು ಅವರೇ. ಕೈಯಲ್ಲಿ ಪ್ರಾಡರ್, ನೆಲ ಚುಚ್ಚಿ ಮೈನ್ ಹುಡುಕುವ ಕಡ್ಡಿ. ಅದನ್ನು ನೇರ ಚುಚ್ಚುವ ಹಾಗಿಲ್ಲ. ಓರೆಯಾಗಿ, ಮೆಲ್ಲಗೆ, ಅಂಗುಲ ಅಂಗುಲಕ್ಕೂ. ಮಧ್ಯಾಹ್ನಕ್ಕೆ ನಿಲ್ಲಿಸಿದೆವು. ಮೂರನೇ ದಿನ ಬೆಳಗ್ಗೆ ಸಿಕ್ಕಿತು, ಇರಬೇಕಾದ ಜಾಗದಿಂದ ಎರಡು ಮಾರು ದೂರದಲ್ಲಿ. ಆ ಮೂರು ದಿನದಲ್ಲಿ ಅಲ್ಲಿ ಯಾರೂ ಯಾರಿಗೂ ಕೂಗಿದ್ದು ನನಗೆ ನೆನಪಿಲ್ಲ.

ಎರಡು ವರ್ಷದ ಹಿಂದೆ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯವರು ಲೀಡರ್‌ಶಿಪ್ ಬಗ್ಗೆ ಮಾತಾಡಿ ಅಂತ ಕರೆದಿದ್ದರು. ಇದೇ ಕಥೆ ಹೇಳಿದೆ. ಮುಗಿದ ಮೇಲೆ ಮ್ಯಾನೇಜರ್ ಹುಡುಗ ಬಂದು, "ಅಂಕಲ್, ಸ್ವಲ್ಪ ಆರ್ಮಿ ಸ್ಟೈಲಲ್ಲಿ ಗದರಿಸಿ, ಮಜಾ ಇರುತ್ತೆ" ಅಂದ. ಒಳ್ಳೆಯ ಹುಡುಗನೇ, ಬಿಡಿ. ಗದರಿಸಿದೆ. ಚಪ್ಪಾಳೆ ಬಿತ್ತು. ಊಟ ಹಾಕಿ ಕಳಿಸಿದರು.

ಅಗ್ನಿವೀರರ ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷದ ಸೇವೆ ಸರಿಯೋ ತಪ್ಪೋ ಅನ್ನುವ ಜಗಳ ನನ್ನದಲ್ಲ. ಆದರೆ ಸೈನ್ಯದಲ್ಲಿ ಅವರಿಗೆ ಸಿಗುವ ತರಬೇತಿ 31 ವಾರ. ನಮಗೆ ಸಿಕ್ಕಿದ್ದು ಒಂದು ವರ್ಷಕ್ಕೂ ಜಾಸ್ತಿ. ಸಮಯ ಕಡಿಮೆ ಆದಷ್ಟೂ ಕಲಿಸುವವನ ಕೈ ಚೆನ್ನಾಗಿರಬೇಕು, ಕಲಿಯುವವನ ಮೈ ನೆಟ್ಟಗಿರಬೇಕು. ಮೊಣಕಾಲು ಕೆಡಿಸಿಕೊಂಡು ಹೋದವನನ್ನು ಮೆಡಿಕಲ್‌ನಲ್ಲೇ ಮನೆಗೆ ಕಳಿಸುತ್ತಾರೆ. ಸೇನಾ ಭರ್ತಿಯ ರ್‍ಯಾಲಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಓಟಕ್ಕೆ ಪೂರ್ತಿ ಅಂಕ. ಹತ್ತು ಪುಲ್ ಅಪ್ ಹೊಡೆದರೆ ಅದಕ್ಕೂ ಪೂರ್ತಿ. ಬೈಸಿಕೊಂಡದ್ದಕ್ಕೆ, ಮೂರ್ಛೆ ಹೋದದ್ದಕ್ಕೆ ಅರ್ಧ ಅಂಕವೂ ಇಲ್ಲ.

ಹಾಗಾಗಿ ಇಂಥ ಕೇಂದ್ರ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮೈದಾನದಲ್ಲಿ ಒಂದು ಡ್ರಮ್ ನೀರು ಇಡಿ. ಪ್ರಥಮ ಚಿಕಿತ್ಸೆ ಗೊತ್ತಿರುವ ಒಬ್ಬರು ಇರಲಿ. ಬಿಸಿಲೇರಿದ ಮೇಲೆ ಓಡಿಸಬೇಡಿ. ದಿನಾ ಕಾಲು ನೋಡಿ. ಸೈನ್ಯಕ್ಕೆ ಎಂದೂ ಹೋಗದವರು ಅದರ ಹೆಸರಲ್ಲಿ ಹುಡುಗರನ್ನು ಸುಮ್ನೆ ಬೈಯುವುದು ನಮ್ಮಂಥವರಿಗೆ ನೋವಾಗುತ್ತದೆ. ಹೋಗಿಬಂದವರೂ ಕೆಲವರು ಇದನ್ನೇ ಮಾಡುತ್ತಾರೆ, ಅದು ಇನ್ನೂ ಬೇಜಾರು. ತಂದೆತಾಯಿಗಳೂ ಫೀಸು ಕಟ್ಟುವ ಮೊದಲು ಒಂದು ದಿನ ಬೆಳಗ್ಗೆ ಹೋಗಿ ನೋಡಿ. ಅಲ್ಲಿನ ಉಸ್ತಾದ್‌ಗೆ ಹುಡುಗರ ಹೆಸರು ಗೊತ್ತಿದೆಯಾ, ಕೇಳಿಸಿಕೊಳ್ಳಿ.

2023ರ ಜನವರಿ 15ರಂದು ಸೇನಾ ದಿನದ ಪರೇಡ್ ಮೊದಲ ಸಲ ದೆಹಲಿ ಬಿಟ್ಟು ನಮ್ಮ ಎಂಇಜಿ ಮೈದಾನಕ್ಕೆ ಬಂತು. 1949ರಲ್ಲಿ ಕೊಡಗಿನ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ದಿನ ಅದು. ಆ ಪರೇಡನ್ನು ಟಿವಿಯಲ್ಲಿ ನೋಡಿಯೇ ಈ ಹುಡುಗನಿಗೆ ಸೈನ್ಯದ ಹುಚ್ಚು ಹಿಡಿದದ್ದು.

ಅವನು ಆ ಕೇಂದ್ರ ಬಿಟ್ಟ. ಫೀಸು ವಾಪಸ್ ಬರಲಿಲ್ಲ. ಶಿವಾಜಿನಗರಕ್ಕೆ ಹೋಗಿ ಎಂಟರ ಬದಲು ಒಂಬತ್ತನೇ ನಂಬರಿನ ಶೂ ತಂದೆವು. ಗಾಯ ಒಣಗುವವರೆಗೆ ಓಡಿಸಲಿಲ್ಲ. ಈಗ ಬೆಳಗ್ಗೆ ಐದೂವರೆಗೆ ಅವನೂ, ಪಕ್ಕದ ಬೀದಿಯ ಇಬ್ಬರೂ ಮೈದಾನದಲ್ಲಿ ಇರುತ್ತಾರೆ. ಸ್ಟಾಪ್‌ವಾಚ್ ನನ್ನ ಕೈಯಲ್ಲಿ. ನಿನ್ನೆ 5 ನಿಮಿಷ 52 ಸೆಕೆಂಡು ಬಂತು. ಇನ್ನೂ 22 ಸೆಕೆಂಡು ಇಳಿಸಬೇಕು.

ಇಂತಿ,
ಒಬ್ಬ ನಿವೃತ್ತ ಸುಬೇದಾರ್
ಕಗ್ಗದಾಸಪುರ, ಬೆಂಗಳೂರು